ಹೊವಾರ್ಡ್ ಹ್ಯೂಸ್ ನುಂಗಿದ ಗುಳಿಗೆ

2004ರಲ್ಲಿ ತೆರೆಕಂಡ ದಿ ಏವಿಯೇಟರ್ ಚಲನಚಿತ್ರವನ್ನು ನೋಡಿದವರಿಗೆ ಹೊವಾರ್ಡ್ ಹ್ಯೂಸ್‌ನ ಪರಿಚಯ ಹೊಸದಾಗಿ ಆಗಬೇಕಿಲ್ಲ. ಆ ಚಿತ್ರ ಮುಗಿಯುವುದು 1947ರ ನವೆಂಬರ್ ತಿಂಗಳಿನಲ್ಲಿ, ಮರದಿಂದ ಕಟ್ಟಿದ ದೈತ್ಯ ವಿಮಾನವೊಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರಿನ ನೀರಿನಿಂದ ಮೇಲೆದ್ದು ಸುಮಾರು ಒಂದು ಮೈಲಿ ಹಾರಿದ ದಿನದ ಸುತ್ತ. ಆಗ ಆತನಿಗೆ 41 ವರ್ಷ. ಅದಾದ ಮೇಲೆ ಇನ್ನೂ 28 ವರ್ಷ ಆತ ಬದುಕಿದ್ದ. ಚಿತ್ರ ತಯಾರಕರಿಗೆ ಆ 28 ವರ್ಷಗಳು ಬೇಕಾಗಲಿಲ್ಲ. ಪರದೆ ಎಳೆದ ಕೋಣೆಯಲ್ಲಿ ಮಲಗಿರುವ ಮನುಷ್ಯನನ್ನು ಎಷ್ಟು ಹೊತ್ತು ತೋರಿಸಲಾದೀತು? ಆದರೆ ಮೂರೂವರೆ ದಶಕ ರೋಗಿಗಳ ನಡುವೆ ಕಳೆದ ನನ್ನಂಥ ವೈದ್ಯನಿಗೆ ಕುತೂಹಲವಿರುವುದು ಆ ಕೋಣೆಯಲ್ಲಿ, ಆ ಹಾಸಿಗೆಯ ಪಕ್ಕದ ಮೇಜಿನ ಮೇಲಿದ್ದ ಗುಳಿಗೆಯ ಸೀಸೆಯಲ್ಲಿ.

ಹ್ಯೂಸ್ ಸತ್ತದ್ದು 1976ರ ಏಪ್ರಿಲ್ 5ರಂದು. ನಾನಾಗ ವೈದ್ಯಕೀಯ ವಿದ್ಯಾರ್ಥಿ. ಜಗತ್ತಿನ ಅತಿ ಶ್ರೀಮಂತರಲ್ಲೊಬ್ಬ ಅಸ್ಥಿಪಂಜರದಂತಾಗಿ ವಿಮಾನದಲ್ಲಿ ಸತ್ತ ಸುದ್ದಿಯನ್ನು ನಾವು ಹಾಸ್ಟೆಲ್ಲಿನಲ್ಲಿ ಕಣ್ಣರಳಿಸಿ ಓದಿದೆವು. ಆತ ಹುಚ್ಚನಾಗಿದ್ದ, ಮಾದಕವಸ್ತುವಿನ ದಾಸನಾಗಿದ್ದ, ಅದರಿಂದಲೇ ಹಾಳಾದ ಎಂಬ ತೀರ್ಮಾನಕ್ಕೆ ನಾವೂ ಬಂದೆವು, ಲೋಕವೂ ಬಂದಿತು. ಈ ತೀರ್ಮಾನ ಪೂರ್ತಿ ಸುಳ್ಳಲ್ಲ. ಆದರೆ ಆತನನ್ನು ಕೊನೆಗಾಣಿಸಿದ್ದು ಎಲ್ಲರೂ ಬೆರಳು ತೋರಿಸಿದ ಆ ಮಾದಕವಸ್ತುವಲ್ಲ, ಅದರ ಜೊತೆಯಲ್ಲೇ ಒಂದೇ ಗುಳಿಗೆಯೊಳಗೆ ಅಡಗಿದ್ದ, ಯಾರೂ ಅನುಮಾನಿಸದ ಮತ್ತೊಂದು ವಸ್ತು ಎಂದು ನಂಬಲು ಬಲವಾದ ಕಾರಣಗಳಿವೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ತಡವಾದದ್ದಕ್ಕೆ ನಮ್ಮ ಮನೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ ಬೆಳೆದ ಹ್ಯೂಸ್‌ನ ಜನನ 1905ರಲ್ಲಿ. ತಂದೆ ತೈಲಬಾವಿ ತೋಡುವವರಿಗಾಗಿ ಗಟ್ಟಿ ಬಂಡೆಯನ್ನೂ ಕೊರೆದು ಪುಡಿಮಾಡುವ ಒಂದು ಬೈರಿಗೆಯ ತುದಿಗೆ 1909ರಲ್ಲಿ ಪೇಟೆಂಟ್ ಪಡೆದಿದ್ದ. ಆ ಬೈರಿಗೆಯನ್ನು ಮಾರದೆ ಬಾಡಿಗೆಗೆ ಕೊಟ್ಟದ್ದರಿಂದ ಹಣ ಹೊಳೆಯಾಗಿ ಹರಿಯಿತು. ತಾಯಿ 1922ರಲ್ಲಿ, ತಂದೆ 1924ರಲ್ಲಿ ತೀರಿಕೊಂಡರು. ಮೀಸೆ ಸರಿಯಾಗಿ ಮೂಡದ ಹುಡುಗ ಕಂಪನಿಯ ಯಜಮಾನನಾದ. ತಾಯಿಗೆ ಮಗನಿಗೆಲ್ಲಿ ಪೋಲಿಯೊ ತಗಲುವುದೋ ಎಂಬ ಭಯ ವಿಪರೀತವಾಗಿತ್ತಂತೆ; ರೋಗಾಣುಗಳ ಭೀತಿ ಆಕೆಯಿಂದಲೇ ಮಗನಿಗೆ ಬಂದ ಬಳುವಳಿ ಎಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಆಮೇಲಿನ ಇಪ್ಪತ್ತು ವರ್ಷ ಆತ ಮಾಡಿದ್ದನ್ನು ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟ. ಹಾಲಿವುಡ್ಡಿಗೆ ಹೋಗಿ 1930ರಲ್ಲಿ ಹೆಲ್ಸ್ ಏಂಜೆಲ್ಸ್, 1932ರಲ್ಲಿ ಸ್ಕಾರ್‌ಫೇಸ್ ಚಿತ್ರಗಳನ್ನು ತಂದ. ವಿಮಾನ ಕಂಪನಿ ಕಟ್ಟಿದ. 1935ರಲ್ಲಿ ತಾನೇ ರೂಪಿಸಿದ ವಿಮಾನವನ್ನು ಗಂಟೆಗೆ 567 ಕಿಲೋಮೀಟರ್ ವೇಗದಲ್ಲಿ ಹಾರಿಸಿ ದಾಖಲೆ ಬರೆದ. 1938ರ ಜುಲೈನಲ್ಲಿ ನಾಲ್ವರು ಸಂಗಡಿಗರೊಂದಿಗೆ ನ್ಯೂಯಾರ್ಕಿನಿಂದ ಹೊರಟು ಪ್ಯಾರಿಸ್, ಮಾಸ್ಕೊ, ಓಮ್‌ಸ್ಕ್, ಯಾಕುಟ್‌ಸ್ಕ್, ಅಲಾಸ್ಕಾಗಳ ಮೂಲಕ ಭೂಮಿಯನ್ನು ಸುತ್ತಿ 91 ಗಂಟೆಗಳಲ್ಲಿ ಹಿಂತಿರುಗಿದ. ಟಿಡಬ್ಲ್ಯುಎ ವಿಮಾನಯಾನ ಸಂಸ್ಥೆಯ ಒಡೆತನ ಆತನ ಕೈಗೆ ಬಂತು. ಚೆಲುವೆಯರ ಸಂಗ, ಪತ್ರಿಕೆಗಳ ಹೊಗಳಿಕೆ ಎಲ್ಲ ಇತ್ತು. ಕುಡಿತದ ಗೀಳು ಮಾತ್ರ ಇರಲಿಲ್ಲ. ನನ್ನ ಮುಂದಿನ ಮಾತಿಗೆ ಇದು ಬೇಕಾದ್ದರಿಂದ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ವಿಮಾನದಿಂದ ಆತ ಬಿದ್ದದ್ದು ಒಂದು ಸಲವಲ್ಲ. ಹೆಲ್ಸ್ ಏಂಜೆಲ್ಸ್ ಚಿತ್ರೀಕರಣದ ಕಾಲದಲ್ಲೇ ಒಮ್ಮೆ ಬಿದ್ದು ತಲೆಗೆ ಪೆಟ್ಟಾಗಿತ್ತು. 1943ರಲ್ಲಿ ಮೀಡ್ ಸರೋವರದ ಮೇಲೆ ನಡೆದ ಅಪಘಾತದಲ್ಲಿ ಜೊತೆಗಿದ್ದ ಇಬ್ಬರು ಸತ್ತರು, ಈತ ಉಳಿದ. ಆದರೆ ಬದುಕನ್ನು ಎರಡಾಗಿ ಸೀಳಿದ್ದು 1946ರ ಜುಲೈ 7ರ ಸಂಜೆ. ಎಕ್ಸ್‌ಎಫ್-11 ಎಂಬ ಸೇನಾ ವಿಮಾನದ ಮೊದಲ ಹಾರಾಟವನ್ನು ಆತನೇ ನಡೆಸಿದ್ದ. ಬಲಗಡೆಯ ಪ್ರೊಪೆಲರ್ ಎಣ್ಣೆ ಸೋರಿ ಹಿಮ್ಮುಖವಾಗಿ ತಿರುಗತೊಡಗಿ, ವಿಮಾನ ಬೆವರ್ಲಿ ಹಿಲ್ಸ್‌ನ ಮನೆಗಳ ಮೇಲೆ ಉರುಳಿ ಹೊತ್ತಿಕೊಂಡಿತು. ಹತ್ತಿರದಲ್ಲಿದ್ದ ಸೈನಿಕನೊಬ್ಬ ಬೆಂಕಿಯೊಳಗಿಂದ ಆತನನ್ನು ಎಳೆದು ಹೊರತಂದ. ಕೊರಳೆಲುಬು ನುಚ್ಚುನೂರಾಗಿತ್ತು, ಹಲವು ಪಕ್ಕೆಲುಬುಗಳು ಮುರಿದಿದ್ದವು, ಎಡ ಶ್ವಾಸಕೋಶ ಕುಸಿದಿತ್ತು, ಮೈಯಲ್ಲಿ ಆಳವಾದ ಸುಟ್ಟಗಾಯಗಳಿದ್ದವು. ಬದುಕುವುದಿಲ್ಲವೆಂದೇ ಎಲ್ಲರೂ ಎಣಿಸಿದ್ದರು. ಸುಮಾರು ಐದು ವಾರಗಳಲ್ಲಿ ಆತ ಆಸ್ಪತ್ರೆಯಿಂದ ಹೊರಬಂದ. ಮೇಲ್ದುಟಿಯ ಗಾಯದ ಗುರುತನ್ನು ಮುಚ್ಚಲು ಮೀಸೆ ಬಿಟ್ಟ. ಉಳಿದ ಗಾಯಗಳಿಗೆ ಮೀಸೆ ಇರಲಿಲ್ಲ.

ಆಸ್ಪತ್ರೆಯಲ್ಲಿ ನೋವಿಗೆ ಮಾರ್ಫಿನ್ ಕೊಟ್ಟರು. ಅದು ಸರಿಯಾದ ಚಿಕಿತ್ಸೆಯೇ. ಅಂಥ ಗಾಯಾಳುವಿಗೆ ಮಾರ್ಫಿನ್ ಕೊಡದ ವೈದ್ಯನನ್ನು ನಾನು ಕ್ಷಮಿಸಲಾರೆ. ಸ್ವಲ್ಪ ಚೇತರಿಸಿದ ಮೇಲೆ ಅದನ್ನು ನಿಲ್ಲಿಸಿ, ಅಷ್ಟು ತೀವ್ರವಲ್ಲದ ಕೊಡೀನ್‌ಗೆ ಬದಲಾಯಿಸಿದರು. ಅದೂ ರೂಢಿಯ ಕ್ರಮವೇ. ಕೊಡೀನ್ ಕೂಡ ಅಫೀಮಿನ ಗಿಡದಿಂದಲೇ ಬರುವ ವಸ್ತು. ದೇಹದೊಳಗೆ ಹೋದ ಅದರ ಒಂದಂಶವನ್ನು ಯಕೃತ್ತು ಮಾರ್ಫಿನ್ ಆಗಿ ಪರಿವರ್ತಿಸುತ್ತದೆ. ನೋವು ಬಿಡಲಿಲ್ಲ, ಕೊಡೀನ್ ಕೂಡ ಬಿಡಲಿಲ್ಲ.

ಹ್ಯೂಸ್ ವರ್ಷಾನುಗಟ್ಟಲೆ ನುಂಗಿದ ಗುಳಿಗೆಯ ಹೆಸರು ಎಂಪಿರಿನ್ ಕಾಂಪೌಂಡ್ ವಿತ್ ಕೊಡೀನ್. ಹೆಸರೇ ಹೇಳುವಂತೆ ಅದೊಂದು ಮಿಶ್ರಣ. ಒಂದು ಗುಳಿಗೆಯಲ್ಲಿ 227 ಮಿಲಿಗ್ರಾಂ ಆಸ್ಪಿರಿನ್, 162 ಮಿಲಿಗ್ರಾಂ ಫಿನಾಸಿಟಿನ್, 32 ಮಿಲಿಗ್ರಾಂ ಕೆಫೀನ್. ಇವುಗಳ ಜೊತೆಗೆ, ಗುಳಿಗೆಯ ಮೇಲಿನ ಅಂಕಿಯನ್ನು ಅನುಸರಿಸಿ, 8ರಿಂದ 60 ಮಿಲಿಗ್ರಾಂವರೆಗೆ ಕೊಡೀನ್. ಮೊದಲ ಮೂರೂ ಸೇರಿದರೆ ನಮ್ಮಲ್ಲೂ ಒಂದು ಕಾಲಕ್ಕೆ ಮನೆಮಾತಾಗಿದ್ದ ಎಪಿಸಿ ಮಾತ್ರೆ. ಐವತ್ತು ದಾಟಿದ ಓದುಗರಿಗೆ ಅದರ ಕಹಿ ಇನ್ನೂ ನಾಲಿಗೆಯ ಮೇಲಿದ್ದೀತು. ಸರ್ಕಾರಿ ಆಸ್ಪತ್ರೆಯಲ್ಲಿ ತಲೆನೋವೆಂದರೂ ಅದೇ, ಜ್ವರವೆಂದರೂ ಅದೇ.

ಈ ಮಿಶ್ರಣದ ಹಿಂದಿನ ತರ್ಕ ಮೇಲ್ನೋಟಕ್ಕೆ ಸುಂದರ. ಅಫೀಮಿನ ಸಂತತಿಯ ಔಷಧ ಮಿದುಳಿನಲ್ಲಿ ಕೆಲಸ ಮಾಡುತ್ತದೆ, ಆಸ್ಪಿರಿನ್ ಗಾಯವಾದ ಜಾಗದಲ್ಲಿ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಕಡಿಮೆ ಕೊಡೀನ್‌ನಲ್ಲೇ ಹೆಚ್ಚು ಶಮನ ಸಿಕ್ಕೀತು. ನಾಲ್ಕು ದಿನದ ನೋವಿಗೆ ಈ ತರ್ಕ ಸರಿ. ನಲವತ್ತು ತಿಂಗಳ ನೋವಿಗೆ ಇದೇ ತರ್ಕ ತಿರುಗಿಬೀಳುತ್ತದೆ. ಏಕೆಂದರೆ ದೇಹ ಕೊಡೀನ್‌ಗೆ ಒಗ್ಗಿಕೊಳ್ಳುತ್ತದೆ. ನಿನ್ನೆ ಎರಡು ಗುಳಿಗೆಯಿಂದ ಸಿಕ್ಕ ಶಮನಕ್ಕೆ ಇಂದು ಮೂರು ಬೇಕು, ಬರುವ ವರ್ಷ ಹತ್ತು ಬೇಕು. ರೋಗಿ ಎಣಿಸುವುದು ಕೊಡೀನ್ ಅನ್ನು ಮಾತ್ರ. ಆದರೆ ಗುಳಿಗೆ ಬಿಡಿಬಿಡಿಯಾಗಿ ಬರುವುದಿಲ್ಲವಲ್ಲ. ಪ್ರತಿ ಹೆಚ್ಚುವರಿ ಗುಳಿಗೆಯೊಡನೆ ಆಸ್ಪಿರಿನ್ನೂ ಏರುತ್ತದೆ, ಫಿನಾಸಿಟಿನ್ನೂ ಏರುತ್ತದೆ. ಮಿದುಳು ಒಗ್ಗಿಕೊಂಡಂತೆ ಮೂತ್ರಪಿಂಡ ಒಗ್ಗಿಕೊಳ್ಳುವುದಿಲ್ಲ.

ಒಂದು ಸರಳ ಲೆಕ್ಕ ನೋಡಿ. ದಿನಕ್ಕೆ ಇಂಥ ಹತ್ತು ಗುಳಿಗೆ ನುಂಗುವವನ ಹೊಟ್ಟೆಗೆ ವರ್ಷಕ್ಕೆ ಸುಮಾರು 590 ಗ್ರಾಂ ಫಿನಾಸಿಟಿನ್ ಹೋಗುತ್ತದೆ. ಒಟ್ಟು ಒಂದು ಕಿಲೋ ದಾಟಿದವರಲ್ಲಿ ಮೂತ್ರಪಿಂಡದ ಹಾನಿಯ ಅಪಾಯ ಹೆಚ್ಚು ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅಂದರೆ ಎರಡು ವರ್ಷ ತುಂಬುವ ಮೊದಲೇ ಅಪಾಯದ ಗೆರೆ ದಾಟಿದಂತೆ. ಹ್ಯೂಸ್ ಎಷ್ಟು ದಶಕ ನುಂಗಿದನೆಂಬುದನ್ನು ಇದರ ಪಕ್ಕದಲ್ಲಿಟ್ಟರೆ ಆತನ ಮೂತ್ರಪಿಂಡಗಳು ಅಷ್ಟು ಕಾಲ ತಾಳಿದ್ದೇ ಆಶ್ಚರ್ಯವೆನಿಸುತ್ತದೆ.

ಒಳಗೆ ನಡೆಯುವುದೇನು? ಫಿನಾಸಿಟಿನ್‌ನ ಬಹುಭಾಗ ಯಕೃತ್ತಿನಲ್ಲಿ ಪ್ಯಾರಾಸಿಟಮಾಲ್ ಆಗಿ ಬದಲಾಗುತ್ತದೆ. ಮೂತ್ರವನ್ನು ಗಟ್ಟಿಗೊಳಿಸುವ ಕೆಲಸ ಮೂತ್ರಪಿಂಡದ ಒಳಭಾಗದ್ದು. ನೀರನ್ನು ಹಿಂದಕ್ಕೆ ಹೀರಿಕೊಳ್ಳುವ ಆ ಜಾಗದಲ್ಲಿ ಔಷಧವೂ ಸಾಂದ್ರವಾಗುತ್ತದೆ. ಅಲ್ಲಿ ಹುಟ್ಟುವ ವಿಷಕಾರಿ ಅಂಶವನ್ನು ನಿವಾರಿಸಲು ದೇಹದಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವಿದೆ. ಆಸ್ಪಿರಿನ್ ಆ ರಕ್ಷಕನನ್ನೇ ಕರಗಿಸುತ್ತದೆ. ಸಾಲದ್ದಕ್ಕೆ, ಆ ಒಳಭಾಗಕ್ಕೆ ರಕ್ತದ ಹರಿವು ಮೊದಲೇ ತೆಳು. ಅದನ್ನು ಕಾಪಾಡುವ ಪ್ರೊಸ್ಟಾಗ್ಲಾಂಡಿನ್‌ಗಳ ಉತ್ಪತ್ತಿಯನ್ನು ಆಸ್ಪಿರಿನ್ ತಡೆಯುತ್ತದೆ. ಆಸ್ಪಿರಿನ್‌ನ ಈ ಗುಣವನ್ನು ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಹೀಗೆ ಒಬ್ಬ ಮನೆಗೆ ಬೆಂಕಿ ಇಟ್ಟರೆ ಇನ್ನೊಬ್ಬ ಬಾವಿಯ ಹಗ್ಗ ಕತ್ತರಿಸುತ್ತಾನೆ. ಊಟ ಬಿಟ್ಟವನಲ್ಲಿ ಗ್ಲುಟಾಥಯೋನ್ ಇನ್ನಷ್ಟು ಕಡಿಮೆ, ನೀರು ಕುಡಿಯದವನಲ್ಲಿ ಸಾಂದ್ರತೆ ಇನ್ನಷ್ಟು ಹೆಚ್ಚು. ಹ್ಯೂಸ್ ಕೊನೆಯ ವರ್ಷಗಳಲ್ಲಿ ಊಟವನ್ನೂ ಬಿಟ್ಟಿದ್ದ, ನೀರನ್ನೂ ಬಿಟ್ಟಿದ್ದ. ಇನ್ನು ಆ ಅಲ್ಪ ಕೆಫೀನ್‌ನ ಪಾತ್ರವೇನೆಂದರೆ, ಅದು ನುಂಗಿದವನಿಗೆ ಚೂರು ಉಲ್ಲಾಸ ಕೊಡುತ್ತದೆ, ಇಳಿದಾಗ ತಲೆ ಸಿಡಿಯುವಂತೆ ಮಾಡಿ ಮತ್ತೊಂದು ಗುಳಿಗೆಗೆ ಕೈಚಾಚಿಸುತ್ತದೆ.

ಇದೆಲ್ಲ ಹ್ಯೂಸ್ ಸತ್ತ ಮೇಲೆ ತಿಳಿದ ಸಂಗತಿಯಾಗಿದ್ದರೆ ಯಾರನ್ನೂ ದೂರಬೇಕಿರಲಿಲ್ಲ. ಆದರೆ ನೋವಿನ ಗುಳಿಗೆಗಳಿಗೂ ಮೂತ್ರಪಿಂಡದ ಕಾಯಿಲೆಗೂ ಇರುವ ನಂಟನ್ನು ಸ್ವಿಟ್ಜರ್ಲೆಂಡಿನ ಸ್ಪೂಲರ್ ಮತ್ತು ಜೋಲಿಂಗರ್ ಎಂಬ ವೈದ್ಯರು 1953ರಷ್ಟು ಹಿಂದೆಯೇ ಬರೆದಿದ್ದರು. ಸ್ವೀಡನ್ನಿನ ಹುಸ್ಕ್‌ವರ್ನಾ ಎಂಬ ಕಾರ್ಖಾನೆಯ ಊರಿನ ಕಥೆ ಇನ್ನೂ ಮನ ಕಲಕುವಂಥದು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಅಲ್ಲಿನ ವೈದ್ಯನೊಬ್ಬ ಫಿನಾಸಿಟಿನ್ ಬೆರೆಸಿದ ಪುಡಿಯೊಂದನ್ನು ಬರೆದುಕೊಟ್ಟ. ಜ್ವರ ಹೋಯಿತು, ಪುಡಿ ಉಳಿಯಿತು. ಕಾರ್ಮಿಕರು ಕೆಲಸದ ನಡುವೆ ಹುರುಪಿಗಾಗಿ ಅದನ್ನು ದಶಕಗಟ್ಟಲೆ ನೆಕ್ಕಿದರು. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಅದರ ಪೊಟ್ಟಣ ಕೊಡುವ ವಾಡಿಕೆಯೂ ಇತ್ತಂತೆ. ಆ ಊರಿನಲ್ಲಿ ಮೂತ್ರಪಿಂಡ ಸೋತು ಸಾಯುವವರ ಲೆಕ್ಕವನ್ನು ಕುರ್ಟ್ ಗ್ರಿಮ್‌ಲುಂಡ್ 1963ರಲ್ಲಿ ಪ್ರಕಟಿಸಿದ. ಆಸ್ಟ್ರೇಲಿಯಾದಲ್ಲಿ ಗೃಹಿಣಿಯರು ಚಹಾದೊಡನೆ ಇಂಥದೇ ಪುಡಿ ಸೇವಿಸಿ ಡಯಾಲಿಸಿಸ್ ಕೋಣೆಗಳನ್ನು ತುಂಬಿದಾಗ ಪ್ರಿಸಿಲಾ ಕಿನ್‌ಕೇಡ್-ಸ್ಮಿತ್ ಎಂಬ ವೈದ್ಯೆ ಅದರ ವಿರುದ್ಧ ಬಹುಕಾಲ ಹೋರಾಡಿದರು. ಅಮೆರಿಕ ಫಿನಾಸಿಟಿನ್ ಅನ್ನು ಮಾರುಕಟ್ಟೆಯಿಂದ ತೆಗೆದದ್ದು 1983ರಲ್ಲಿ. ಸ್ವಿಸ್ ವೈದ್ಯರು ಬರೆದು 30 ವರ್ಷ ಕಳೆದಿತ್ತು, ಹ್ಯೂಸ್ ಸತ್ತು ಏಳು ವರ್ಷ.

ಮತ್ತೆ ಆತನ ಕೋಣೆಗೆ ಹೋಗೋಣ. 1950ರ ದಶಕದ ಕೊನೆಯಿಂದ ಆತ ಜನರ ಕಣ್ಣಿಗೆ ಬೀಳುವುದು ನಿಂತಿತು. 1966ರಲ್ಲಿ ಟಿಡಬ್ಲ್ಯುಎ ಷೇರುಗಳನ್ನು ಮಾರಿ 54 ಕೋಟಿ ಡಾಲರಿಗೂ ಮಿಕ್ಕ ಹಣ ಪಡೆದ. ಅದೇ ವರ್ಷದ ಕೊನೆಗೆ ಲಾಸ್ ವೇಗಸ್‌ನ ಡೆಸರ್ಟ್ ಇನ್ ಹೋಟೆಲಿನ ಮೇಲಂತಸ್ತನ್ನು ಹಿಡಿದು, ಖಾಲಿ ಮಾಡಲು ಹೇಳಿದಾಗ ಹೋಟೆಲನ್ನೇ ಕೊಂಡ. ನಾಲ್ಕು ವರ್ಷ ಆ ಕೋಣೆ ಬಿಟ್ಟು ಕದಲಲಿಲ್ಲ. ಪರದೆಗಳು ಸದಾ ಇಳಿಬಿದ್ದಿರುತ್ತಿದ್ದವು. ಸಹಾಯಕರು ಪ್ರತಿಯೊಂದು ವಸ್ತುವನ್ನೂ ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೊಡಬೇಕಿತ್ತು. ಬಟ್ಟೆ ತೊಡುತ್ತಿರಲಿಲ್ಲ; ಕೂದಲು, ಉಗುರು ಕತ್ತರಿಸಿಕೊಳ್ಳುತ್ತಿರಲಿಲ್ಲ. ಇವೆಲ್ಲ ಹುಚ್ಚಿನ ಲಕ್ಷಣವೆಂದು ಪ್ರಸಿದ್ಧವಾಗಿವೆ. ಆತನಿಗೆ ಗೀಳು ಕಾಯಿಲೆ ಇತ್ತೆಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ನೋವಿನ ಚಿಕಿತ್ಸೆಯಲ್ಲಿ ಪರಿಣತನಾದ ಫಾರೆಸ್ಟ್ ಟೆನಂಟ್ ಎಂಬ ಅಮೆರಿಕದ ವೈದ್ಯ 2007ರಲ್ಲಿ ಬೇರೊಂದು ದೃಷ್ಟಿಯನ್ನು ಮುಂದಿಟ್ಟ. ನರಗಳಿಗೆ ಪೆಟ್ಟಾದವರಲ್ಲಿ ಬಟ್ಟೆ ಸೋಕಿದರೂ ಉರಿ ಏಳುವುದುಂಟು. ಹ್ಯೂಸ್‌ನ ಬೆತ್ತಲೆತನದ ಹಿಂದೆ ಸುಟ್ಟು ಮುರಿದ ಮೈಯ ನೋವೂ ಇದ್ದಿರಬೇಕು ಎಂಬುದು ಆತನ ವಾದ. ಅಂಗಿಯ ಗುಂಡಿ ಹಾಕಲು ಬಿಡದೆ ಕಿರುಚುವ, ಸರ್ಪಸುತ್ತು ಆಗಿ ಹೋದ ವೃದ್ಧರನ್ನು ನೋಡಿರುವ ನನಗೆ ಆ ವಾದವನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ.

ಗುಳಿಗೆ ನುಂಗುವುದರ ಜೊತೆಗೆ ಆತ ಕೊಡೀನ್ ಅನ್ನು ನೀರಿನಲ್ಲಿ ಕರಗಿಸಿ ತಾನೇ ಸೂಜಿಯಿಂದ ಚುಚ್ಚಿಕೊಳ್ಳುತ್ತಿದ್ದ. ಅದರ ಮೇಲೆ ಡಯಾಜಿಪಾಮ್ ಎಂಬ ಶಾಮಕ ಔಷಧ, ಅದೂ ಮಿತಿಮೀರಿದ ಪ್ರಮಾಣದಲ್ಲಿ. ಕುಡಿತವಿರಲಿಲ್ಲ ಎಂದೆನಲ್ಲ, ಕುಡಿತದ ಕೆಲಸವನ್ನು ಡಯಾಜಿಪಾಮ್ ಮಾಡುತ್ತಿತ್ತು. ಅಫೀಮಿನ ಸಂತತಿಯ ಔಷಧ ಉಸಿರಾಟದ ಕೇಂದ್ರವನ್ನು ಮಂಕಾಗಿಸುತ್ತದೆ. ಮದ್ಯವಾಗಲಿ ಇಂಥ ನಿದ್ರೆ ತರಿಸುವ ಮಾತ್ರೆಗಳಾಗಲಿ ಅದೇ ಮಂಕನ್ನು ಇಮ್ಮಡಿಸುತ್ತವೆ. ಒಂದೊಂದಾಗಿ ತೆಗೆದುಕೊಂಡರೆ ಏಳಬಹುದಾದವನು ಎರಡನ್ನೂ ತೆಗೆದುಕೊಂಡು ಮಲಗಿದರೆ ಬೆಳಗ್ಗೆ ಏಳದೆ ಹೋಗಬಹುದು. ಈ ಜೋಡಿಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು ಲೇಬಲ್ಲಿನ ಮೇಲೆ ಚೌಕಟ್ಟು ಹಾಕಿ ಎಚ್ಚರಿಕೆ ಬರೆಸಿದ್ದು 2016ರಲ್ಲಿ.

1970ರಲ್ಲಿ ಲಾಸ್ ವೇಗಸ್ ಬಿಟ್ಟ ಮೇಲೆ ಆತನದು ಹೋಟೆಲಿನಿಂದ ಹೋಟೆಲಿಗೆ ಅಲೆದಾಟ. ಬಹಾಮಾಸ್, ವ್ಯಾಂಕೂವರ್, 1972ರ ಭೂಕಂಪದ ಹೊತ್ತಿಗೆ ಮನಾಗುವಾ, ಆಮೇಲೆ ಲಂಡನ್. 1973ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಒಂದು ಪವಾಡ ನಡೆಯಿತು. 67 ವರ್ಷದ ಈ ರೋಗಿ ಕೂದಲು ಕತ್ತರಿಸಿಕೊಂಡು, ಬಟ್ಟೆ ತೊಟ್ಟು, ವಿಮಾನ ಹಾರಿಸಲು ಹೋದ, ಅದೂ ಹಲವು ಬಾರಿ. ಜೀವನಚರಿತ್ರೆಗಳಲ್ಲಿ ಒಂದೆರಡು ಪುಟದಲ್ಲಿ ಮುಗಿದುಹೋಗುವ ಈ ಪ್ರಸಂಗವೇ ನನಗೆ ಎಲ್ಲಕ್ಕಿಂತ ದುಃಖದ್ದಾಗಿ ಕಾಣುತ್ತದೆ. ಕೆಲವೇ ವಾರಗಳಲ್ಲಿ ಸ್ನಾನದ ಕೋಣೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಆತ ಎದ್ದು ನಡೆಯಲೇ ಇಲ್ಲ.

ಮೆಕ್ಸಿಕೋದ ಅಕಾಪುಲ್ಕೊದಲ್ಲಿ ಪ್ರಜ್ಞೆ ತಪ್ಪಿದ ಮೇಲಷ್ಟೇ ಆತನನ್ನು ಹ್ಯೂಸ್ಟನ್ನಿನ ಆಸ್ಪತ್ರೆಗೆ ವಿಮಾನದಲ್ಲಿ ಹೊರಡಿಸಿದರು. ದಾರಿಯಲ್ಲೇ ಪ್ರಾಣ ಹೋಯಿತು. ಆರು ಅಡಿ ನಾಲ್ಕು ಅಂಗುಲದ ದೇಹ ಸುಮಾರು 42 ಕಿಲೋ ತೂಗಿತು. ಗುರುತು ಹಿಡಿಯಲು ಎಫ್‌ಬಿಐ ಬೆರಳಚ್ಚು ನೋಡಬೇಕಾಯಿತು. ಶವಪರೀಕ್ಷೆ ಸಾವಿಗೆ ಕೊಟ್ಟ ಕಾರಣ ಮೂತ್ರಪಿಂಡಗಳ ವೈಫಲ್ಯ. ಎಕ್ಸ್‌ರೇಯಲ್ಲಿ ತೋಳಿನೊಳಗೆ ಮುರಿದುಳಿದ ಸೂಜಿಯ ಚೂರುಗಳು ಕಂಡವು. ಪತ್ರಿಕೆಗಳು ಸೂಜಿಯನ್ನು ಹಿಡಿದುಕೊಂಡವು. ಫಿನಾಸಿಟಿನ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಹ್ಯೂಸ್‌ಗೆ ಮಾದಕ ಔಷಧ ಒದಗಿಸಿದ್ದರ ಬಗ್ಗೆ ಮೊಕದ್ದಮೆ ನಡೆದು, 1978ರಲ್ಲಿ ಆತನ ವೈದ್ಯರಲ್ಲೊಬ್ಬರು ನಿರ್ದೋಷಿಯೆಂದು ಬಿಡುಗಡೆಯಾದರು. ಅಲ್ಲೂ ಚರ್ಚೆ ಕೊಡೀನ್‌ನ ಸುತ್ತಲೇ ತಿರುಗಿತು. ನನಗನ್ನಿಸುವುದು ಇಷ್ಟು: ಆತನ ಸುತ್ತ ವೈದ್ಯರಿದ್ದರು, ಆದರೆ ಅವರು ಆತನ ಸಂಬಳದ ಪಟ್ಟಿಯಲ್ಲಿದ್ದರು. ಬೇಡ ಎನ್ನಬೇಕಾದವನೇ ಹೂಂ ಎನ್ನುವ ನೌಕರನಾದರೆ ಕೋಟ್ಯಧಿಪತಿಗೂ ಬಡವನಿಗೂ ವ್ಯತ್ಯಾಸವಿಲ್ಲ. ವರ್ಷಕ್ಕೆರಡು ಬಾರಿ ರಕ್ತದಲ್ಲಿ ಯೂರಿಯಾ, ಕ್ರಿಯಾಟಿನಿನ್ ನೋಡಿದ್ದರೆ, ಕೊಡೀನ್ ಬಿಡಿಸಲಾಗದಿದ್ದರೂ ಫಿನಾಸಿಟಿನ್ ಇಲ್ಲದ ಶುದ್ಧ ಕೊಡೀನ್ ಕೊಟ್ಟಿದ್ದರೆ, ಆತ ವ್ಯಸನಿಯಾಗಿಯೇ ಇನ್ನಷ್ಟು ವರ್ಷ ಬದುಕಿರುತ್ತಿದ್ದನೇನೋ. ವ್ಯಸನಿಯ ಮೂತ್ರಪಿಂಡವೂ ಮೂತ್ರಪಿಂಡವೇ ಅಲ್ಲವೆ?

ಇಷ್ಟು ನಿಷ್ಠುರವಾಗಿ ಬೇರೆಯವರ ಬಗ್ಗೆ ಬರೆದವನು ತನ್ನ ಮನೆಯ ಮಾತನ್ನು ಮುಚ್ಚಿಡಬಾರದು. ನನ್ನ ಸೋದರಮಾವ ದಾವಣಗೆರೆಯ ಸಣ್ಣ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಮಂದ ಬೆಳಕಿನಲ್ಲಿ ಕಣ್ಣು ಕಿರಿದಾಗಿಸಿ ದುಡಿದು ಸಂಜೆಗೆ ತಲೆ ಹಿಡಿದುಕೊಂಡು ಬರುತ್ತಿದ್ದರು. ಎಪಿಸಿ ಮಾತ್ರೆ ಅವರ ಅಂಗಿಯ ಜೇಬಿನಲ್ಲಿ ಎಲೆಯಡಿಕೆಯಷ್ಟೇ ಖಾಯಂ. ದಿನಕ್ಕೆ ಆರು, ಎಂಟು. ನಾನು ವೈದ್ಯಕೀಯ ಓದುತ್ತಿದ್ದೇನೆಂಬ ಹೆಮ್ಮೆ ಅವರಿಗೆ ಬಹಳ. ರಜೆಗೆ ಊರಿಗೆ ಹೋಗುವಾಗ ಔಷಧ ಕಂಪನಿಯವರು ಹಂಚಿದ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ನಾನೇ ಅವರ ಕೈಗಿಡುತ್ತಿದ್ದೆ. 1979ರಲ್ಲಿ ಮುಖ ಊದಿಕೊಂಡು, ಬಾಯಲ್ಲಿ ಮೂತ್ರದ ವಾಸನೆ ಬರುವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದರು. ನಾನಾಗ ಹೌಸ್ ಸರ್ಜನ್. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಕುಡಿಯುತ್ತಾರೆಯೇ ಎಂದೆಲ್ಲ ಹಿರಿಯರು ಕೇಳಿದರು. ನೋವಿಗೆ ಏನು ನುಂಗುತ್ತಾರೆಂದು ಯಾರೂ ಕೇಳಲಿಲ್ಲ. ಉತ್ತರ ಗೊತ್ತಿದ್ದ ನಾನೂ ಹೇಳಲಿಲ್ಲ, ಏಕೆಂದರೆ ಅದು ಉತ್ತರವೆಂದು ನನಗೆ ಹೊಳೆಯಲಿಲ್ಲ. ಮೂರನೆಯ ವಾರ ಮಾವ ತೀರಿಕೊಂಡರು. ಅಚ್ಚುಮೊಳೆಯ ಸೀಸವೂ ಮೂತ್ರಪಿಂಡಕ್ಕೆ ವಿಷವೇ ಆದ್ದರಿಂದ ಮಾತ್ರೆಯೊಂದನ್ನೇ ದೂರುವುದು ನ್ಯಾಯವಲ್ಲವೆಂದು ಬುದ್ಧಿ ಹೇಳುತ್ತದೆ. ಕಾಗದದ ಪೊಟ್ಟಣ ಮಾತ್ರ ಕಣ್ಣಮುಂದಿನಿಂದ ಹೋಗುವುದಿಲ್ಲ.

ಫಿನಾಸಿಟಿನ್ ಹೋಯಿತು, ಮಿಶ್ರಣದ ಗುಳಿಗೆ ಹೋಗಲಿಲ್ಲ. ಅದರ ಸ್ಥಾನದಲ್ಲಿ ಈಗ ಅದರ ಮಗ ಪ್ಯಾರಾಸಿಟಮಾಲ್ ಕುಳಿತಿದ್ದಾನೆ, ಕೊಡೀನ್‌ನ ಜಾಗದಲ್ಲಿ ನಮ್ಮಲ್ಲಿ ಹೆಚ್ಚಾಗಿ ಟ್ರಾಮಡಾಲ್. ಡೆಕ್ಸ್ಟ್ರೊಪ್ರೊಪಾಕ್ಸಿಫೀನ್ ಬೆರೆಸಿದ ಗುಳಿಗೆಗಳಿಗೆ ಹೃದಯದ ಮೇಲಿನ ದುಷ್ಪರಿಣಾಮದ ಕಾರಣಕ್ಕೆ ಭಾರತದಲ್ಲಿ 2013ರಲ್ಲಿ ತಡೆ ಬಿದ್ದಿತು. ಮಂಡಿನೋವಿಗೋ ಹಲ್ಲು ಕಿತ್ತದ್ದಕ್ಕೋ ಬರೆದುಕೊಟ್ಟ ಟ್ರಾಮಡಾಲ್-ಪ್ಯಾರಾಸಿಟಮಾಲ್ ಗುಳಿಗೆ ನಾಲ್ಕು ದಿನಕ್ಕೆ ಒಳ್ಳೆಯ ಔಷಧವೇ. ಆದರೆ ರೋಗಿ ಅದರ ಮೇಲೆ ನೆಗಡಿಯ ಮಾತ್ರೆಯನ್ನೂ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಹೋಗುತ್ತದೆ. ದಿನವೂ ಕುಡಿಯುವವನ ಯಕೃತ್ತಿನಲ್ಲಿ ಪ್ಯಾರಾಸಿಟಮಾಲ್ ಅನ್ನು ವಿಷವಾಗಿಸುವ ಕಿಣ್ವ ಚುರುಕಾಗಿರುತ್ತದೆ, ನಿವಾರಿಸುವ ಗ್ಲುಟಾಥಯೋನ್ ಬರಿದಾಗಿರುತ್ತದೆ; ಬೇರೆಯವರಿಗೆ ಸಲ್ಲುವ ಪ್ರಮಾಣವೇ ಅವನಿಗೆ ಹೆಚ್ಚಾದೀತು. ಖಿನ್ನತೆಗೆ ಫ್ಲುಯಾಕ್ಸೆಟಿನ್‌ನಂಥ ಔಷಧ ತೆಗೆದುಕೊಳ್ಳುವವರಲ್ಲಿ ಟ್ರಾಮಡಾಲ್ ನೋವನ್ನು ಸರಿಯಾಗಿ ಇಳಿಸುವುದಿಲ್ಲ, ಏಕೆಂದರೆ ಅದನ್ನು ಕಸುವುಳ್ಳ ರೂಪಕ್ಕೆ ತರುವ ಕಿಣ್ವವನ್ನೇ ಆ ಔಷಧ ತಡೆದಿರುತ್ತದೆ. ಇಳಿಯಲಿಲ್ಲವೆಂದು ಇನ್ನೊಂದು ನುಂಗಿದರೆ ಮೈನಡುಕ, ಫಿಟ್ಸ್ ಬರುವ ಸಂಭವವಿದೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಕೊಡೀನ್, ಮಾರ್ಫಿನ್‌ಗಳ ಅವಶೇಷಗಳು ಹೊರಹೋಗದೆ ಸೇರಿಕೊಂಡು ಮೂರನೆಯ ದಿನ ಮಂಪರು ಬರಿಸುತ್ತವೆ. ಗೊರಕೆಯ ನಡುವೆ ಉಸಿರು ಕಟ್ಟುವವರು, ದಮ್ಮಿನವರು, ಪ್ರಾಸ್ಟೇಟ್ ಊದಿದ ವೃದ್ಧರು, ಇವರದೆಲ್ಲ ಬೇರೆಬೇರೆ ತೊಂದರೆ. ನೋವಿಗೆ ಔಷಧವೇ ಬೇಡವೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರಿನ ನೋವಿನಲ್ಲಿ ಮಾರ್ಫಿನ್ ಸಿಗದೆ ನರಳುವವರ ಸಂಕಟ ನಮ್ಮ ದೇಶದಲ್ಲಿ ಇನ್ನೂ ದೊಡ್ಡದು. ನಾನು ನಿವೃತ್ತನಾಗುವವರೆಗೆ ಹೊಸ ರೋಗಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತಂದಿದ್ದೀರಾ ಎಂಬುದು. ಬಹುಮಂದಿ ವೈದ್ಯರು ಬರೆದುಕೊಟ್ಟದ್ದನ್ನಷ್ಟೇ ತರುತ್ತಿದ್ದರು. ಅಂಗಡಿಯಲ್ಲಿ ತಾವೇ ಕೇಳಿ ಕೊಂಡದ್ದು ಅವರ ಲೆಕ್ಕದಲ್ಲಿ ಔಷಧವೇ ಅಲ್ಲ.

ಹ್ಯೂಸ್‌ನ ಬಗ್ಗೆ ಇನ್ನೊಂದು ಸಂಗತಿ ಉಳಿದಿದೆ. 1953ರಲ್ಲಿ ಆತ ತನ್ನ ಹೆಸರಿನಲ್ಲಿ ವೈದ್ಯಕೀಯ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿ ವಿಮಾನ ಕಂಪನಿಯನ್ನು ಅದಕ್ಕೆ ಒಪ್ಪಿಸಿದ್ದ. ತೆರಿಗೆ ತಪ್ಪಿಸುವ ಹೂಟವೆಂದು ಆಗ ಹಲವರು ಆಡಿಕೊಂಡರು. ಅದರಲ್ಲಿ ಸತ್ಯಾಂಶವೂ ಇದ್ದಿರಬೇಕು. ಆತನ ಜೀವಿತಾವಧಿಯಲ್ಲಿ ಸಂಸ್ಥೆ ಖರ್ಚು ಮಾಡಿದ್ದು ಅಲ್ಪ. 1985ರಲ್ಲಿ ವಿಮಾನ ಕಂಪನಿಯನ್ನು ಜನರಲ್ ಮೋಟರ್ಸ್‌ಗೆ 500 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಿದ ಮೇಲೆ ಅದು ಜಗತ್ತಿನ ಅತಿ ಶ್ರೀಮಂತ ಸಂಶೋಧನಾ ದತ್ತಿಗಳಲ್ಲೊಂದಾಯಿತು. ಹ್ಯೂಸ್ ಸತ್ತ 1976ರಲ್ಲೇ ಆ ಸಂಸ್ಥೆ ರಾಬರ್ಟ್ ಲೆಫ್ಕೊವಿಟ್ಜ್ ಎಂಬ ವೈದ್ಯವಿಜ್ಞಾನಿಯನ್ನು ತನ್ನ ಸಂಶೋಧಕನನ್ನಾಗಿ ಆರಿಸಿಕೊಂಡಿತ್ತು. ಜೀವಕೋಶದ ಹೊದಿಕೆಯ ಮೇಲೆ ಕುಳಿತು ಹೊರಗಿನ ಸಂದೇಶವನ್ನು ಒಳಗೆ ದಾಟಿಸುವ ಗ್ರಾಹಕಗಳ ಒಂದು ದೊಡ್ಡ ಕುಟುಂಬದ ಅಧ್ಯಯನಕ್ಕಾಗಿ ಆತನಿಗೂ ಆತನ ಶಿಷ್ಯ ಬ್ರಯನ್ ಕೊಬಿಲ್ಕನಿಗೂ 2012ರ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಅದೇ ವರ್ಷ ಕೊಬಿಲ್ಕನ ಪ್ರಯೋಗಾಲಯ ಆ ಕುಟುಂಬದ ಮತ್ತೊಂದು ಸದಸ್ಯನ ರಚನೆಯನ್ನು ಬಿಡಿಸಿ ತೋರಿಸಿತು. ಅದರ ಹೆಸರು ಮ್ಯೂ ಓಪಿಯಾಯ್ಡ್ ಗ್ರಾಹಕ. ಹ್ಯೂಸ್ ನುಂಗಿದ ಗುಳಿಗೆಯ ಕೊಡೀನ್ ಮಾರ್ಫಿನ್ ಆಗಿ ಹೋಗಿ ಕೂರುತ್ತಿದ್ದುದು ಅದರ ಮೇಲೆಯೇ.